ಅಮ್ಮ ಎರಡು ಸಲ ಬಡಿಸಿಕೊಂಡ ಸೊಪ್ಪು

...ಅಲ್ಲ, ಆರ್ಡರ್ ಕೊಟ್ಟದ್ದು ನಾನಲ್ಲ, ತಂಗಿ ಸುಮಾ. ಅಥವಾ ನಾನೇ ಇರಬಹುದು. ಮಲೇಷ್ಯಾದಿಂದ ಮರಳಿ ಎರಡು ವಾರವಾಯಿತು. ಆ ಮಧ್ಯಾಹ್ನದ ಊಟ ಪ್ರತಿ ಸಲವೂ ಬೇರೆ ಥರ ನೆನಪಾಗುತ್ತದೆ. ಒಂದರಲ್ಲಿ ಸುಮಾ ಇನ್ನೂ ಕಾರು ಪಾರ್ಕ್ ಮಾಡುತ್ತಿದ್ದಾಳೆ. ಇನ್ನೊಂದರಲ್ಲಿ ನನ್ನ ಪಕ್ಕದಲ್ಲೇ ಕೂತು ಮೆನು ತಿರುವುತ್ತಿದ್ದಾಳೆ. (ತಪ್ಪು ಯಾರದ್ದು ಎಂಬ ಪ್ರಶ್ನೆ ಬಂದಾಗಲೆಲ್ಲ ನನ್ನ ತಲೆ ಎರಡನೆಯದನ್ನೇ ತೋರಿಸುತ್ತದೆ.)

ಫೋನಿನಲ್ಲಿರುವ ಫೋಟೊದ ಬಗ್ಗೆ ಮಾತ್ರ ತಕರಾರಿಲ್ಲ. ದುಂಡು ಮೇಜು, ಖಾಲಿ ತಟ್ಟೆ, ನಗುತ್ತಿರುವ ಅಮ್ಮ.

ಅಮ್ಮನಿಗೆ ಎಪ್ಪತ್ತೆರಡು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವಳಲ್ಲ. ಪುಚೊಂಗ್‌ನಲ್ಲಿರುವ ಸುಮಾಳ ಮನೆಗೆ ಹೊರಡುವ ಮುಂಚೆ ಅವಳು ಹಾಕಿದ್ದು ಒಂದೇ ಷರತ್ತು. "ನನ್ ಬಾಯಿಗೆ ಏನು ಹೋಗ್ತದೆ ಅಂತ ನೀನೇ ನೋಡ್ಕಳ್ಬೇಕು. ಅಲ್ಲಿ ನಂಗೆ ಕೇಳೂಕೆ ಭಾಷೆ ಬರೂದಿಲ್ಲ." ನಾನು ಮಾತು ಕೊಟ್ಟಿದ್ದೆ.

ಶನಿವಾರ ಬೆಳಿಗ್ಗೆ ನಾವು ನಾಲ್ವರು ಫ್ರೇಸರ್ ಗುಡ್ಡಕ್ಕೆ ಹೊರಟೆವು. ಅಮ್ಮ, ನಾನು, ಸುಮಾ, ಅವಳ ಒಂಬತ್ತು ವರ್ಷದ ಮಗಳು ಇಶಾ. ಯಾವ ಆತುರವೂ ಇರಲಿಲ್ಲ. ಮೊದಲು ಮಾಮಕ್ ಹೋಟೆಲಿನಲ್ಲಿ, ಅಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ತಿಂಡಿ. ಚಹಾ ಮಾಡುವವನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಮಾರುದ್ದ ಎಳೆದು ಹೊಯ್ಯುವುದನ್ನು ಅಮ್ಮ ಉಸಿರು ಬಿಗಿಹಿಡಿದು ನೋಡಿದಳು. "ಒಂದು ಹನಿನೂ ಚೆಲ್ಲಲಿಲ್ಲ ಮಾರಾಯ್ತಿ!" ದೋಸೆಗೆ ಮಾತ್ರ ಪಾಸ್ ಮಾರ್ಕ್ ಅಷ್ಟೇ.

ಮಧ್ಯಾಹ್ನ ಗುಡ್ಡದ ಬುಡದ ಸಣ್ಣ ಪೇಟೆಯಲ್ಲಿ ಚೀನೀಯರ ಹಳೆಯ ಹೋಟೆಲು. "ನೋ ಮೀಟ್, ಓನ್ಲಿ ವೆಜಿಟೆಬಲ್" ಎಂದದ್ದು ನಾನೋ ಸುಮಾಳೋ, ಅಂತೂ ನಮ್ಮಲ್ಲೊಬ್ಬಳು. ಹೋಟೆಲಿನಾಕೆ "ಕ್ಯಾನ್, ಕ್ಯಾನ್" ಎಂದಳು. ಅನ್ನ, ತೋಫು, ಜೊತೆಗೆ ಹೊಗೆಯಾಡುವ ಕಾಂಗ್‌ಕುಂಗ್ ಸೊಪ್ಪು ಬಂತು. ಅಮ್ಮ ಸೊಪ್ಪನ್ನು ಎರಡು ಸಲ ಬಡಿಸಿಕೊಂಡಳು. ಕೊನೆಗೆ ತಟ್ಟೆಯ ಮಸಾಲೆಯನ್ನೂ ಅನ್ನಕ್ಕೆ ಬಳಿದುಕೊಂಡಳು.

ಅಲ್ಲಿಂದ ರಸ್ತೆ ಅಣೆಕಟ್ಟಿನ ಕಡೆಗೆ ಏರುತ್ತದೆ. ಹಸಿರು ನೀರು, ಎದುರಿಗೆ ಗುಡ್ಡದ ಮೇಲೆ ಗುಡ್ಡ. ಅಮ್ಮ ಕಟಕಟೆಗೆ ಒರಗಿ ನಿಂತಿದ್ದಳು. ಇಶಾ ನನ್ನ ದುಪ್ಪಟ್ಟಾ ಜಗ್ಗಿದಳು.

"ದೊಡ್ಡಮ್ಮಾ, ಡೋಂಟ್ ಟೆಲ್ ಅಜ್ಜಿ, ಓಕೆ? ದಟ್ ಕಾಂಗ್‌ಕುಂಗ್ ಹ್ಯಾಡ್ ಬೆಲಾಚನ್. ಇಟ್ಸ್ ಪ್ರಾನ್, ಲಾ."

ಬೆಲಾಚನ್ ಎಂದರೆ ಸಿಗಡಿ ಅರೆದು, ಹುಳಿ ಬರಿಸಿ, ಒಣಗಿಸಿದ ಮುದ್ದೆ. ಅಲ್ಲಿ ಅದನ್ನು ಯಾರೂ ಮಾಂಸ ಎಂದು ಲೆಕ್ಕಕ್ಕಿಡುವುದಿಲ್ಲ. ನಾವು ಒಗ್ಗರಣೆಯ ಇಂಗನ್ನು ತರಕಾರಿ ಎನ್ನುತ್ತೇವೆಯೇ? ಹಾಗೆ.

"ಬೆಲಾಚನ್ ಬೇಡ ಅಂತ ಬೇರೆ ಹೇಳ್ಬೇಕು ಅಕ್ಕ. ಇಲ್ಲಿ ವೆಜ್‌ನವರೆಲ್ಲ ಮೊದ್ಲು ಕಲಿಯೋದೇ ಅದು," ಸುಮಾ ಪಿಸುಗುಟ್ಟಿದಳು.

"ಮತ್ತೆ ನೀನ್ಯಾಕೆ ಹೇಳ್ಲಿಲ್ಲ?"

"ಆರ್ಡರ್ ಮಾಡಿದ್ದು ನೀನಲ್ವಾ?"

ನಾನಾ?

ಹೇಳಬೇಕೋ ಬೇಡವೋ? ಹೇಳಿದರೆ ಎಪ್ಪತ್ತೆರಡು ವರ್ಷದ ನೇಮ ಒಂದು ಊಟದಲ್ಲಿ ಮುರಿದಂತೆ. ಹೇಳದಿದ್ದರೆ ಕೊಟ್ಟ ಮಾತು ನಾನು ಎರಡನೇ ಸಲ ಮುರಿದಂತೆ. ತಿರುವು ತಿರುವಿನ ಇಕ್ಕಟ್ಟು ರಸ್ತೆ, ಮಂಜು, ಮೇಲೆ ಕಲ್ಲಿನ ಬಂಗಲೆಗಳು, ಬಿಸಿ ಚಹಾ. ಎಲ್ಲ ಚಂದವೇ ಇದ್ದಿರಬೇಕು. ನಾನು ನೋಡಿದ್ದು ಅಮ್ಮನ ಮುಖ ಮಾತ್ರ. ಅವಳು ಇಶಾಳ ಜೊತೆ ಕೋತಿ ಎಣಿಸುತ್ತಿದ್ದಳು.

ಇಳಿಯುವಾಗ ಅದೇ ಪೇಟೆ ಬಂತು. ಅಮ್ಮ ಹಿಂದಿನ ಸೀಟಿನಿಂದ ಮುಂದೆ ಬಾಗಿದಳು. "ಸುಮಾ, ಆ ಸೊಪ್ಪು ರಾತ್ರಿಗೆ ಒಂಚೂರು ಟಪಾವ್ ಮಾಡ್ಸೂಕೆ ಆಗ್ತದಾ?"

ಪಾರ್ಸೆಲ್‌ಗೆ ಅಲ್ಲಿನ ಮಾತು ಟಪಾವ್. ಯಾವಾಗ ಕಲಿತಳೋ! ಕನ್ನಡಿಯಲ್ಲಿ ಸುಮಾಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಈ ಸಲ ನಾನೇ ಇಳಿದೆ. (ಇದು ಖಚಿತ.) "ನೋ ಬೆಲಾಚನ್," ಎಂದು ಮೂರು ಸಲ ಹೇಳಿದೆ. ಬಾಣಲೆ ತೊಳೆಸಿ, ಬೆಳ್ಳುಳ್ಳಿ ಮಾತ್ರ ಹಾಕಿಸಿ, ಎದುರಿಗೇ ನಿಂತು ಮಾಡಿಸಿದೆ.

ರಾತ್ರಿ ಸುಮಾಳ ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಒಂದು ತುತ್ತು ತಿಂದಳು. ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮಧ್ಯಾಹ್ನದ್ದು ಚಲೋ ಇತ್ತು," ಎಂದಳು.

ಅಷ್ಟೇ. ನನ್ನನ್ನು ನೋಡಲಿಲ್ಲ. ಅಥವಾ ನೋಡಿದಳೋ?

ಅಮ್ಮ ಹುಟ್ಟಿ ಬೆಳೆದದ್ದು ಕುಮಟಾದ ಕಡಲ ಬದಿಯಲ್ಲಿ. ಬೇಲಿಯಾಚೆಯ ಅಂಗಳದಲ್ಲಿ ಬೇಸಿಗೆಯಿಡೀ ಸಿಗಡಿ ಒಣಗುತ್ತಿತ್ತಂತೆ. ಆ ವಾಸನೆಗೆ ಕಿಟಕಿ ಮುಚ್ಚಿಸುತ್ತಿದ್ದರು ಎಂದು ಅವಳೇ ಹೇಳಿದ್ದಾಳೆ. ಅಂಥ ಮೂಗಿಗೆ, ಬಿಸಿ ಸೊಪ್ಪಿನ ಹೊಗೆಯಲ್ಲಿ ಅದು ಸಿಗದೇ ಹೋಯಿತೇ?

ದಿನಾ ಅವಳ ಜೊತೆಯೇ ಕೂತು ಉಣ್ಣುತ್ತೇನೆ. ಕೇಳಿಲ್ಲ. ಗೊತ್ತಿಲ್ಲ.