ಕೈಗೆ ಸಿಗದ ಹೊಲಿಗೆ

ಹರಿದ ಬಟ್ಟೆಯನ್ನು ನಮ್ಮಮ್ಮ ಹರಿದೇ ಇರಲಿಲ್ಲವೆನ್ನುವ ಹಾಗೆ ಮಾಡಿಕೊಡುತ್ತಿದ್ದಳು. ಬೇಲೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಬೀದಿಯಲ್ಲಿ ಹೆಚ್ಚಿನವರು ದೇವಸ್ಥಾನದ ಕೆಲಸದವರು. ಪೂಜೆಗೆ ಉಡುವ ಅವರ ಪಟ್ಟೆಮಡಿಯ ಮೇಲೆ ಮಂಗಳಾರತಿಯ ಕರ್ಪೂರದ ಕಿಡಿ ಸಿಡಿದು ಅಲ್ಲಲ್ಲಿ ತೂತು ಬೀಳುತ್ತಿತ್ತು. ಆ ಪಂಚೆಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು.

ಅಮ್ಮ ಅದೇ ಪಂಚೆಯ ಮಡಿಸಿ ಹೊಲಿದ ತುದಿಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯ್ದುಬಿಡುತ್ತಿದ್ದಳು. ಮಧ್ಯಾಹ್ನ ಊಟದ ಪಾತ್ರೆಯೆಲ್ಲ ತೊಳೆದಾದ ಮೇಲೆ ಪಡಸಾಲೆಯ ಕಿಟಕಿಯ ಹತ್ತಿರ ಕೂತರೆ ಹೂ ಕಟ್ಟುವ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಮುಗಿಸಿದ ಮೇಲೆ ನನ್ನನ್ನೂ ಅಕ್ಕನನ್ನೂ ಕರೆದು, "ಎಲ್ಲಿತ್ತು ತೂತು, ಹುಡುಕಿ ನೋಡೋಣ" ಅನ್ನುತ್ತಿದ್ದಳು. ನಮಗೆ ಸಿಗುತ್ತಿರಲಿಲ್ಲ. ಅವಳಿಗೆ ಅದರಲ್ಲಿ ಬಹಳ ಸಂತೋಷವಿತ್ತು. ಅಷ್ಟು ಸಂತೋಷ ಅವಳಿಗೆ ಬೇರೆ ಯಾವುದರಲ್ಲೂ ಇದ್ದದ್ದು ನಾನು ಕಂಡಿಲ್ಲ.

ಅವಳ ಕಣ್ಣು ಹೋಗುತ್ತಿದೆ ಎನ್ನುವುದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಸೂಜಿಯ ಕೆಲಸ ಮೊದಲಿನ ಹಾಗೇ ನಡೆಯುತ್ತಿತ್ತಲ್ಲ, ಕಣ್ಣಿನ ಬಗ್ಗೆ ಅನುಮಾನ ಯಾಕೆ ಬರಬೇಕು? ಆದರೆ ನಡುಮನೆಯ ಬಾಗಿಲಿಗೆ ಭುಜ ತಗುಲಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಬಂದು ನಿಂತವರು ಮಾತಾಡಿದರೆ ಬೆಚ್ಚಿ ಬೀಳುತ್ತಿದ್ದಳು. ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಎಡವಿ ಮೊಣಕಾಲು ಒಡೆದುಕೊಂಡಾಗ ಅಪ್ಪ, "ನೋಡ್ಕೊಂಡು ನಡೀಬಾರ್ದಾ" ಎಂದು ರೇಗಿದರು. ಅವಳು ಸುಮ್ಮನೆ ಅರಿಶಿನ ಮೆತ್ತಿಕೊಂಡಳು. ಎದುರಿಗಿರುವುದು ಮಾತ್ರ ಕಾಣುತ್ತದೆ, ಆಚೀಚಿನದು ಕಾಣುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಬಹಳ ತಡವಾಗಿ. ಬಡಿಸುವಾಗ ಸಾರನ್ನು ಅಪ್ಪನ ಎಲೆಯ ಪಕ್ಕದ ನೆಲಕ್ಕೆ ಹಾಕಿದ ದಿನ.

ಅಪ್ಪ ರಜ ಹಾಕಿ ಅವಳನ್ನು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೊರಟರು. ಅಕ್ಕ ಮನೆಯಲ್ಲಿ ಉಳಿದಳು. ಅಮ್ಮನ ಕೈ ಹಿಡಿದು ನಡೆಸುವುದಕ್ಕೆ ಯಾರಾದರೂ ಬೇಕಲ್ಲ ಎಂದು ನನ್ನನ್ನು ಜೊತೆಗೆ ಕರೆದುಕೊಂಡರು. ಹಳೇಬೀಡಿನ ಮೇಲೆ ಅರಸೀಕೆರೆಗೆ ಬಸ್ಸು, ಅಲ್ಲಿಂದ ರೈಲು. ಡಾಕ್ಟರು ಅಮ್ಮನ ಕಣ್ಣಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಒಣಗಿದೆ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದೂ ನಿಲ್ಲತ್ತೆ ಅಂತ ಹೇಳಲಾರೆ. ಇನ್ನೂ ಮೊದಲೇ ಬರಬೇಕಾಗಿತ್ತು ನೀವು" ಎಂದರು. ಹಾಕಿಕೊಳ್ಳಲು ಒಂದು ಔಷಧಿ ಬರೆದುಕೊಟ್ಟರು.

ಬರುವಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದು, ಬೇಲೂರಿನ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅಲ್ಲೇ ಬೆಂಚಿನ ಮೇಲೆ ಕೂತೆವು. ಅಪ್ಪ ಕಾಫಿ ತಂದು ಲೋಟವನ್ನು ಅವಳ ಕೈಗೇ ಇಟ್ಟರು. ಅಮ್ಮ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಎದುರು ಮನೆಯವರ ಮಡಿ ಹಂಗೇ ಇದೆ. ಹಬ್ಬದೊಳಗೆ ಕೊಡ್ತೀನಿ ಅಂದಿದ್ದೆ" ಎಂದಳು.

"ಕೊಟ್ರಾಯ್ತು ಬಿಡು" ಎಂದರು ಅಪ್ಪ. ಹಾಗಂದವರು ಎದ್ದು ಪ್ಲಾಟ್‌ಫಾರ್ಮಿನ ಆ ತುದಿಯವರೆಗೂ ಹೋಗಿ, ನಮಗೆ ಬೆನ್ನು ಹಾಕಿ ನಿಂತುಕೊಂಡರು.

ಆ ಮಡಿಯನ್ನು ಅವಳು ಹಬ್ಬದೊಳಗೆ ಕೊಟ್ಟಳು. ಅದರ ಮೇಲಿನ ಹೊಲಿಗೆ ಮೊದಲ ಸಲ ಎದ್ದು ಕಾಣುತ್ತಿತ್ತು. ಎದುರು ಮನೆಯವರು ಒಳ್ಳೆಯವರು. ಏನೂ ಅನ್ನಲಿಲ್ಲ, ಉಟ್ಟುಕೊಂಡು ದೇವಸ್ಥಾನಕ್ಕೂ ಹೋದರು. ಆದರೆ ಆಮೇಲೆ ಅವರ ಮನೆಯಿಂದ ಬಟ್ಟೆ ಬರಲಿಲ್ಲ. ಬೇರೆ ಮನೆಗಳದೂ ಕ್ರಮೇಣ ನಿಂತಿತು. ಬೀದಿಯ ಹೆಂಗಸರು ಬಂದು ಕೂತಾಗ ಹೊಲಿಯುವುದೇನಾದರೂ ಇದೆಯೇ ಎಂದು ಅಮ್ಮನೇ ಬಾಯಿಬಿಟ್ಟು ಕೇಳುತ್ತಿದ್ದಳು. ಅವರು, "ಈಗೇನೂ ಹರಿದಿಲ್ಲ ಕಣ್ರೀ, ಹರಿದ್ರೆ ನಿಮಗೇ ತಾನೇ ತರೋದು" ಅನ್ನುತ್ತಿದ್ದರು.

ಒಬ್ಬಳು ಮಾತ್ರ ತರುವುದನ್ನು ಬಿಡಲಿಲ್ಲ. ಹುಲಿಕೆರೆಯ ಕಡೆಯಿಂದ ಸಂತೆಯ ದಿನ ಬಸ್ಸಿನಲ್ಲಿ ಬಂದು ನಮಗೆ ಬೆಣ್ಣೆ ಕೊಟ್ಟು ಹೋಗುತ್ತಿದ್ದ ಒಕ್ಕಲು ಹೆಂಗಸು ಅವಳು. ಗಂಡನ ಕಂಬಳಿ, ಮಕ್ಕಳ ಅಂಗಿ, ತನ್ನ ಸೀರೆ, ಏನಾದರೊಂದು ಬುಟ್ಟಿಯ ತಳದಲ್ಲಿರುತ್ತಿತ್ತು.

"ಈಗ ನಾನು ಹೊಲಿದ್ರೆ ಕಾಣತ್ತಮ್ಮ" ಎಂದಳು ಅಮ್ಮ ಒಂದು ಸಲ.

"ಕಾಣ್ಲಿ ಬುಡಿ ಅವ್ವಾರೇ. ಚಳಿಗೆ ಹೊದ್ಕಳಕ್ಕೆ ತಾನೆ ಇರಾದು. ಗಟ್ಟಿ ಐತೆ, ಅಷ್ಟು ಸಾಕು" ಎಂದು ಅವಳು ಕಂಬಳಿಯನ್ನು ಅಮ್ಮನ ತೊಡೆಯ ಮೇಲಿಟ್ಟು ಸಂತೆಗೆ ನಡೆದಳು.

ಅಮ್ಮ ಕಂಬಳಿಯ ಅಂಚನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಕೂತಿದ್ದಳು. ಆಮೇಲೆ ನನ್ನನ್ನು ಕರೆದು ದಪ್ಪ ಸೂಜಿಗೆ ದಾರ ಪೋಣಿಸಿಕೊಡು ಎಂದಳು. ಅಂದಿನಿಂದ ದಾರ ಪೋಣಿಸುವ ಕೆಲಸ ನನ್ನದಾಯಿತು. ಶಾಲೆಗೆ ಹೋಗುವ ಮೊದಲು ಹಲವು ಸೂಜಿಗಳಿಗೆ ಪೋಣಿಸಿ, ಗೋಡೆಗೆ ನೇತುಹಾಕಿದ ಬಟ್ಟೆಯ ಗಂಟಿಗೆ ಚುಚ್ಚಿ ಹೋಗುತ್ತಿದ್ದೆ. ಬಣ್ಣ ಕೇಳುತ್ತಿದ್ದಳು. ಬಿಳಿ ಮುಗಿದಿದ್ದರೆ ಮುಗಿದಿದೆ ಅನ್ನುತ್ತಿದ್ದೆ. "ಇನ್ನೇನಿದೆ?" "ಹಸಿರು." "ಹಸಿರೇ ಹಾಕು ಮತ್ತೆ." ಹಾಗೆ ಅಪ್ಪನ ಬಿಳಿಯ ಷರಟಿನ ಹೆಗಲ ಮೇಲೆ ಹಸಿರು ದಾರದ ಉದ್ದನೆಯ ಹೊಲಿಗೆ ಬಂತು. ಅದು ನೆಟ್ಟಗೂ ಇರಲಿಲ್ಲ. ಅಕ್ಕ ಅದನ್ನು ಬಿಚ್ಚಿ ಬೇರೆ ಹಾಕಿಕೊಡುತ್ತೇನೆ ಎಂದಾಗ ಅಪ್ಪ ಅವಳ ಕೈಯಿಂದ ಷರಟು ತೆಗೆದುಕೊಂಡು ತೊಟ್ಟು, ಗುಂಡಿ ಹಾಕಿಕೊಂಡು ಕಚೇರಿಗೆ ಹೋದರು. ಸಂಜೆ ಬಂದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ಯಾರೂ ಏನೂ ಅನ್ಲಿಲ್ವಾ ಅಪ್ಪ?"

"ಕೇಳಿದ್ರು. ಮನೇಲಿ ಹೊಲಿದಿದ್ದು ಅಂದೆ" ಎಂದರು.

ಅಕ್ಕ ನನಗಿಂತ ಬಹಳ ದೊಡ್ಡವಳು. ಎರಡು ವರ್ಷದ ಮೇಲೆ ಅವಳಿಗೆ ಅರಸೀಕೆರೆಯ ಸಂಬಂಧ ನಿಶ್ಚಯವಾಯಿತು. ಹುಡುಗ ರೈಲ್ವೆಯಲ್ಲಿ ಕೆಲಸದಲ್ಲಿದ್ದ. ಅವರ ಮನೆಯವರು ಅನುಕೂಲವಂತರು. ನೋಡಲು ಬಂದಾಗ ಅವನ ತಾಯಿ ನಮ್ಮ ಮನೆಯ ಪ್ರತಿಯೊಂದನ್ನೂ ಕಣ್ಣಲ್ಲೇ ಅಳೆದಿದ್ದರು. ಅಕ್ಕ ಆ ಹೆದರಿಕೆಯಲ್ಲೇ ದಿನ ಕಳೆಯುತ್ತಿದ್ದಳು.

ಅಮ್ಮನಿಗೆ ಒಂದೇ ಆಸೆಯಿತ್ತು. ಮದುವೆಯ ಬೆಳಿಗ್ಗೆ ಗೌರಿಪೂಜೆಗೆ ಕೂರುವಾಗ ಅಕ್ಕ ಅಮ್ಮನ ಧಾರೆಯ ಸೀರೆ ಉಡಬೇಕು. ಅಮ್ಮನೂ ತನ್ನ ಮದುವೆಯ ಗೌರಿಪೂಜೆಗೆ ತನ್ನ ತಾಯಿಯ ಧಾರೆಯ ಸೀರೆ ಉಟ್ಟಿದ್ದಳಂತೆ. ಪೆಟ್ಟಿಗೆಯಿಂದ ತೆಗೆದು ನೋಡಿದರೆ ಆ ಕೆಂಪು ರೇಷ್ಮೆ ಮಡಿಕೆಯ ಗೆರೆಯ ಉದ್ದಕ್ಕೂ ಸೀಳಿಕೊಂಡಿತ್ತು. ಸೆರಗಿನಲ್ಲಂತೂ ಒಂದು ಮೊಳದಷ್ಟು. "ಇದನ್ನ ನಾನೇ ಮಾಡ್ತೀನಿ, ಯಾರೂ ಮುಟ್ಟಬೇಡಿ" ಎಂದಳು ಅಮ್ಮ. ಆ ಹೊತ್ತಿಗೆ ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ.

ಹಪ್ಪಳ ಒತ್ತುವವರು, ಅಕ್ಕಿ ಆರಿಸುವವರು ಮನೆ ತುಂಬ ಓಡಾಡುತ್ತಿದ್ದರೆ ಅಮ್ಮ ಕಿಟಕಿಯ ಹತ್ತಿರ ಸೀರೆ ಹಿಡಿದು ಕೂತಿರುತ್ತಿದ್ದಳು. ಎಡಗೈಯ ಬೆರಳುಗಳು ಸೀಳಿನ ಎರಡೂ ಅಂಚನ್ನು ಹಿಡಿದು ಮುಂದೆ ಮುಂದೆ ಹೋಗುತ್ತಿದ್ದವು, ಬಲಗೈ ಹಿಂದಿನಿಂದ ಬರುತ್ತಿತ್ತು. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದರೆ ಸೀರೆಗೆ ತಾಕದ ಹಾಗೆ ಕೈಯನ್ನು ದೂರ ಹಿಡಿದು, ಬಾಯಿಗಿಟ್ಟು ಚೀಪಿ, ಒರೆಸಿಕೊಂಡು ಮತ್ತೆ ಶುರುಮಾಡುತ್ತಿದ್ದಳು. ಮುಗಿದಾಗ ಸೆರಗಿನ ಮೇಲೆ ಆ ಹೊಲಿಗೆ ಗಾಯ ಮಾಗಿದ ಗೆರೆಯ ಹಾಗೆ ಉಬ್ಬಿಕೊಂಡಿತ್ತು. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ. ಆದರೆ ಎಳೆದು ನೋಡಿದರೆ ಸ್ವಲ್ಪವೂ ಜಗ್ಗುತ್ತಿರಲಿಲ್ಲ.

ಅಕ್ಕ ಹಿತ್ತಲಿಗೆ ಹೋಗಿ ಅತ್ತಳು. ಮದುವೆಯ ಕೆಲಸಕ್ಕೆಂದು ಅರಸೀಕೆರೆಯಿಂದ ಬಂದಿದ್ದ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಅವಳನ್ನು ಸಮಾಧಾನ ಮಾಡಲು ಹೋದಳು. ನಾನೂ ಅಲ್ಲೇ ಇದ್ದೆ.

"ಅವರ ಮನೆಯವರೆಲ್ಲ ಎದುರಿಗೆ ಕೂತಿರ್ತಾರೆ ಚಿಕ್ಕಮ್ಮ. ಇದನ್ನ ಉಟ್ಕೊಂಡು ಹೆಂಗೆ ಕೂತ್ಕೊಳ್ಲಿ ನಾನು? ಉಡಲ್ಲ ಅಂತ ಅಮ್ಮನಿಗೆ ಹೆಂಗೆ ಹೇಳ್ಲಿ?"

ಚಿಕ್ಕಮ್ಮ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. "ನಮ್ಮೂರಲ್ಲಿ ಹರಿದದ್ದು ಕಾಣದ ಹಾಗೆ ರಫು ಮಾಡೋ ಒಬ್ರು ಮುದುಕರಿದ್ದಾರೆ. ಬಿಚ್ಚಿ ಸರಿ ಮಾಡಿಸ್ಕೊಂಡು ಬರ್ತೀನಿ. ಅವಳಿಗೇನು ಕಾಣತ್ತಾ? ನೀನು ಅಳಬೇಡ."

ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ತಾಯಿಗೂ ನೋವಾಗಬಾರದು, ಮಗಳಿಗೂ ಅವಮಾನವಾಗಬಾರದು ಎಂದೇ ಹಾಗೆ ಮಾಡಿದಳು. ಮದುವೆಗೆ ಮುಂಚೆ ಮನೆಗೆ ಹೋಗಿಬರುವ ನೆಪದಲ್ಲಿ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ತಿರುಗಿ ಬರುವಾಗ ತಂದಳು. ಆ ಮುದುಕರು ಅಮ್ಮನ ಹೊಲಿಗೆಯನ್ನೆಲ್ಲ ಬಿಚ್ಚಿ, ಹಿಂದೆ ಅಮ್ಮನೇ ಮಾಡುತ್ತಿದ್ದಷ್ಟು ನಯವಾಗಿ ಮಾಡಿಕೊಟ್ಟಿದ್ದರು.

ಮದುವೆಯ ಬೆಳಿಗ್ಗೆ ಸೀರೆ ಉಡಿಸಲು ಅಮ್ಮನೇ ಬಂದಳು. ನಾನು ಕೈ ಹಿಡಿದು ಅವಳನ್ನು ಅಕ್ಕನ ಮುಂದೆ ನಿಲ್ಲಿಸಿದೆ. ನೆರಿಗೆ ಹಿಡಿಯುವಾಗ ಅವಳ ಮುಖದಲ್ಲಿ ನಗುವಿತ್ತು. ತನ್ನ ಮದುವೆಯ ದಿನದ್ದೇನೋ ಹೇಳುತ್ತಿದ್ದಳು. ಸೆರಗು ಹೊದಿಸಿ, ಹೆಗಲ ಮೇಲೆ ಸರಿಮಾಡುತ್ತ ಕೈಯನ್ನು ಕೆಳಕ್ಕೆ ತಂದಳು. ಹೊಲಿಗೆ ಇರಬೇಕಾದ ಜಾಗಕ್ಕೆ ಬಂದಾಗ ಕೈ ನಿಂತಿತು. ಮತ್ತೆ ಮೇಲಕ್ಕೆ ಹೋಗಿ, ಮತ್ತೆ ನಿಧಾನವಾಗಿ ಕೆಳಕ್ಕೆ ಬಂತು. ಬಟ್ಟೆಯನ್ನು ತಿರುವಿ ಹಿಂದಿನ ಕಡೆಯೂ ಮುಟ್ಟಿದಳು. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

"ಯಾರ ಕೈ ಇದು?" ಎಂದಳು ಅಮ್ಮ.

"ನಮ್ಮೂರವರು ಅಕ್ಕ" ಎಂದಳು ಚಿಕ್ಕಮ್ಮ.

"ಚೆನ್ನಾಗಿ ಮಾಡಿದಾರೆ. ಕೈಗೆ ಸಿಗ್ತಾನೇ ಇಲ್ಲ." ಅಷ್ಟು ಹೇಳಿ ಸೆರಗನ್ನು ಸರಿಯಾಗಿ ಹೊದಿಸಿ, ಅಕ್ಕನ ಕೆನ್ನೆ ಸವರಿದಳು. "ಹೊತ್ತಾಯ್ತು, ಹೋಗಿ ಕೂತ್ಕೋ" ಎಂದಳು.

ಮದುವೆ ಚೆನ್ನಾಗಿ ನಡೆಯಿತು. ಗಂಡಿನವರ ಕಡೆಯಿಂದ ಒಂದು ಕೊಂಕು ಮಾತೂ ಬರಲಿಲ್ಲ. ಅಮ್ಮ ಎಲ್ಲರ ಜೊತೆಯಲ್ಲೂ ನಗುನಗುತ್ತಲೇ ಮಾತಾಡಿದಳು. ಅಕ್ಕನನ್ನು ಕಳಿಸಿಕೊಟ್ಟ ಮೇಲೆ ಒಂದು ಬೆಳಿಗ್ಗೆ ನಾನು ಎಂದಿನಂತೆ ಸೂಜಿಗಳನ್ನು ತೆಗೆದುಕೊಂಡು ಯಾವ ಬಣ್ಣ ಹಾಕಲಿ ಎಂದು ಕೇಳಿದೆ. "ಬೇಡ, ಇವತ್ತು ಏನೂ ಇಲ್ಲ" ಎಂದಳು. ಮರುದಿನವೂ ಬೇಡವೆಂದಳು. ಹುಲಿಕೆರೆಯವಳು ಬಟ್ಟೆ ತಂದಾಗ, "ಕೈ ನೋಯತ್ತಮ್ಮ" ಎಂದು ವಾಪಸು ಕೊಟ್ಟಳು. ಆ ಹೆಂಗಸು ಬಟ್ಟೆಯನ್ನು ಬುಟ್ಟಿಗೆ ಹಾಕಿಕೊಂಡಳು. ಆ ದಿನ ಸಂತೆಗೆ ಬೇಗ ಹೊರಡದೆ ಜಗಲಿಯ ಮೇಲೆ ಅಮ್ಮನ ಪಕ್ಕ ಕೂತು, ತನ್ನ ಎಮ್ಮೆಯ ಸುದ್ದಿ, ಸೊಸೆಯ ಸುದ್ದಿ ಹೇಳಿ ಹೋದಳು.

ಅಪ್ಪನೂ ಒಂದು ಸಲ ಪ್ರಯತ್ನಪಟ್ಟರು. ಮೊಳೆಗೆ ಸಿಕ್ಕಿ ಹರಿಯಿತೆಂದು ಹೊಸ ಟವಲನ್ನು ಅವಳ ಕೈಗೆ ಕೊಟ್ಟರು. ಅಮ್ಮ ಹರಿದ ಜಾಗವನ್ನು ಮುಟ್ಟಿ ನೋಡಿ, "ಮೊಳೆಗೆ ಸಿಕ್ಕಿದ್ದು ಹಿಂಗೆ ಹರಿಯಲ್ಲ ರೀ" ಎಂದು ಮಡಿಸಿ ಅವರಿಗೇ ಕೊಟ್ಟುಬಿಟ್ಟಳು.

ಬಾಣಂತನಕ್ಕೆ ಅಕ್ಕ ಬಂದಾಗ ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ಕೂಡಿಸಿಕೊಂಡು ಬಂದಿದ್ದಳು. ಮಗುವಿಗೆ ಒಂದು ಕೌದಿ ಹೊಲಿದುಕೊಡು ಎಂದು ಅಮ್ಮನ ಹತ್ತಿರ ಕೂತು ಕೇಳಿದಳು. ಅಮ್ಮ ಒಂದೊಂದೇ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು. ಯಾವುದು ಯಾವುದೆಂದು ಸರಿಯಾಗಿ ಹೇಳಿದಳು. ಆಮೇಲೆ, "ಕೈ ಮರೆತುಹೋಗಿದೆ ಕಣೇ. ನೀನೇ ಹಾಕ್ಕೋ, ನಾನು ಹೇಳಿಕೊಡ್ತೀನಿ" ಎಂದಳು. ಅಕ್ಕ ಹಾಕಿಕೊಂಡಳು. ಅಮ್ಮ ಪಕ್ಕದಲ್ಲಿ ಕೂತು ಹೇಗೆ ಹಾಕಬೇಕೆಂದು ಹೇಳಿಕೊಟ್ಟಳು, ಸೂಜಿ ಮುಟ್ಟಲಿಲ್ಲ. ಮಗು ಆ ಕೌದಿಯ ಮೇಲೆಯೇ ಮಲಗಿ ಬೆಳೆಯಿತು. ಅಜ್ಜಿಯ ತೊಡೆಯ ಮೇಲೂ ಬೇಕಾದಷ್ಟು ಆಡಿತು.

ಅಮ್ಮ ತೀರಿಕೊಂಡದ್ದು ಅದರ ಮುಂದಿನ ಮಳೆಗಾಲ, ಜ್ವರ ಬಂದು. ಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕ ಪೆಟ್ಟಿಗೆ ತೆಗೆದು ಬಟ್ಟೆಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಅಮ್ಮನ ಕೈಯ ಹೊಲಿಗೆ ಇರುವುದು ಒಂದಾದರೂ ಬೇಕು ಎಂದಳು. ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದೆವು. ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಅವಳು ನೇಯ್ದು ಮುಚ್ಚಿದ್ದು ಆ ಸೀರೆ ಪಂಚೆಗಳಲ್ಲಿ ಎಷ್ಟೋ ಇತ್ತು. ಎಲ್ಲಿದೆಯೆಂದು ನಮಗೆ ತಿಳಿಯಲೇ ಇಲ್ಲ. ಕಾಣದ ಹಾಗೆ ಮಾಡಿದ್ದನ್ನು ಹೇಗೆ ಹುಡುಕುವುದು? ಕಣ್ಣು ಹೋದ ಮೇಲೆ ಹೊಲಿದದ್ದು ಮಾತ್ರ ನಮಗೆ ಗುರುತಿಗೆ ಸಿಗುತ್ತಿತ್ತು. ಅವು ಅಪ್ಪನವು. ಅವರು ಕೊಡಲಿಲ್ಲ. "ನಾನು ಹಾಕ್ಕೊಳ್ತೀನಿ" ಎಂದರು, ಹಾಕಿಕೊಂಡರು ಕೂಡ, ಒಗೆದು ಒಗೆದು ಬಟ್ಟೆ ಪೂರ್ತಿ ಸವೆಯುವವರೆಗೂ.

ಓದು ಮುಗಿಸಿ ನನಗೆ ಬಾಣಾವರದ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಲ್ಲಿಂದ ಅರಸೀಕೆರೆ ಹತ್ತಿರ. ಭಾನುವಾರಗಳಲ್ಲಿ ರೈಲು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದರು, ಮನೆಯ ಪಾರುಪತ್ಯವೆಲ್ಲ ಅಕ್ಕನದೇ ಆಗಿತ್ತು. ಒಂದು ಭಾನುವಾರ ಅವಳು ಮಗಳ ಲಂಗಕ್ಕೆ ತೇಪೆ ಹಾಕುತ್ತ ಕೂತಿದ್ದಳು. ಆ ಮದುವೆಯ ಬೆಳಿಗ್ಗೆಯ ಮಾತನ್ನು ನಾವಿಬ್ಬರೂ ಅಲ್ಲಿಯವರೆಗೆ ಎತ್ತಿರಲಿಲ್ಲ. ಅವಳು ತಲೆಯೆತ್ತದೆಯೇ, "ಅವತ್ತು ಅಮ್ಮ ನನ್ನನ್ನ ಬೈದುಬಿಟ್ಟಿದ್ರೆ ಚೆನ್ನಾಗಿತ್ತು" ಎಂದಳು.

ನಾನು, "ಅವಳಿಗೆ ಕೋಪ ಬಂದಿರಲಿಲ್ಲ ಅಕ್ಕ" ಎಂದೆ.

"ಅದೇ. ಕೋಪ ಬಂದಿದ್ರೆ ಇಳೀತಿತ್ತು."

ಅವಳು ದಾರವನ್ನು ಹಲ್ಲಿನಿಂದ ಕಡಿದು, ಲಂಗವನ್ನು ಕೊಡವಿ ಮಡಿಸಿದಳು. ಒಳಗಿನಿಂದ ಅತ್ತೆ ನೀರು ಕೇಳಿದರು. ಅವಳು ಎದ್ದು ಹೋದಳು.