ಯಾರಿಗೂ ಕೊಡದ ಎರಡು ನಂಬರು

ಮೌಲಾಸಾಬರೇ, ಆ ಎರಡು ಗೇಟ್ ಪಾಸ್‌ಗಳನ್ನು ನೀವು ಹರಿದು ಹಾಕಲಿಲ್ಲ. ಅಂಥ ಪಾಸ್‌ಗಳು ಇರಲೇ ಇಲ್ಲ. ಅವುಗಳ ನಂಬರು ನುಂಗಿದವನು ನಾನು — ಅದು ಆವತ್ತೇ ನನಗೆ ಗೊತ್ತಿತ್ತು.

ಎಂಬತ್ತರ ದಶಕದ ಕೊನೆ. ಚಿತ್ತಾಪುರ ರಸ್ತೆಯ ನಮ್ಮ ಸಿಮೆಂಟ್ ಫ್ಯಾಕ್ಟರಿಗೆ ಕಂಪ್ಯೂಟರ್ ಹೊಸದು, ಅದರ ಮುಂದೆ ಕುಳಿತ ನಾನೂ ಹೊಸಬ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪ್ರತಿ ಪಾಸಿಗೂ ಕಂಪ್ಯೂಟರ್ ಒಂದರ ನಂತರ ಒಂದು ನಂಬರು ಕೊಡುತ್ತಿತ್ತು. ಅದರ ಮೇಲೆ ಲಾರಿಯ ವಿವರ ಬರೆದು, ಪ್ರತಿಯನ್ನು ತಂತಿಗೆ ಚುಚ್ಚಿಡುತ್ತಿದ್ದವರು ಗೇಟಿನಲ್ಲಿದ್ದ ನೀವು.

ಒಂದು ಬೆಳಿಗ್ಗೆ ಮ್ಯಾನೇಜರು, ನಂಬರು ಎಲ್ಲಿಗೆ ಬಂದಿದೆ ಎಂದು ಕೇಳಿದರು. ಎಲ್ಲಿಂದ ಶುರು, ಎಷ್ಟೆಷ್ಟು ಏರಬೇಕು, ಈಗ ಎಲ್ಲಿದೆ — ಎಲ್ಲವನ್ನೂ ಕಂಪ್ಯೂಟರ್ ತನ್ನೊಳಗಿನ ಒಂದು ಪಟ್ಟಿಯಲ್ಲಿ, ಟೇಬಲ್ ಅನ್ನುತ್ತಾರೆ, ಇಟ್ಟುಕೊಂಡಿರುತ್ತದೆ. ಎಸ್‌ಕ್ಯೂಎಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೇಳಿ ಅದನ್ನು ಓದಿದ್ದರೆ ಸಾಕಿತ್ತು. ನಾನೋ, ಅವಸರದವನು, ‘ಮುಂದಿನ ನಂಬರು ಕೊಡು’ ಎಂದುಬಿಟ್ಟೆ. ಕೊಟ್ಟಿತು. ನಂಬಿಕೆ ಬರದೆ ಇನ್ನೊಮ್ಮೆ ಕೇಳಿದೆ. ನಾನು ಬರೀ ನೋಡುತ್ತಿದ್ದೇನೆಂದು ಅದಕ್ಕೇನು ಗೊತ್ತು — ಕೇಳಿದಾಗಲೆಲ್ಲ ಒಂದು ನಂಬರು ಖರ್ಚು. ಒಮ್ಮೆ ಕೊಟ್ಟದ್ದನ್ನು ಅದು ವಾಪಸು ತೆಗೆದುಕೊಳ್ಳುವುದಿಲ್ಲ.

ತಪಾಸಣೆಯ ದಿನ ನಿಮ್ಮ ತಂತಿಯಲ್ಲಿ ಎರಡು ನಂಬರು ಸಿಗಲಿಲ್ಲ. ಎರಡು ಲಾರಿ ಸಿಮೆಂಟ್ ಕಳ್ಳದಾರಿಯಲ್ಲಿ ಹೋಗಿದೆ, ಪಾಸ್ ಹರಿದವರು ನೀವೇ ಎಂದರು. ನಾನು ಓಡಿಹೋಗಿ ಆ ಟೇಬಲ್ ಓದಿದೆ. ಒಂದೊಂದಾಗಿಯೇ ಏರಬೇಕೆಂದಿತ್ತು, ನಡುವೆ ನಂಬರು ತಾನಾಗಿಯೇ ಹಾರಿರಲು ಸಾಧ್ಯವೇ ಇರಲಿಲ್ಲ. ಆ ಬೆಳಿಗ್ಗೆ ನಾನು ಎರಡು ಸಲ ಕೇಳಿದ್ದು ನೆನಪಾಯಿತು.

ವಿಚಾರಣೆಯಲ್ಲಿ ನೀವು ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನೇ ನೋಡಿದಿರಿ.

“ತಮ್ಮಾ, ಒಂದ್ಸಲ ಆ ಮಷೀನಿಗೇ ಕೇಳಿ ನೋಡಪಾ.”

“ಕೇಳೀನಿ ಚಾಚಾ. ಮಷೀನ್ ತಪ್ಪು ಮಾಡಂಗಿಲ್ಲ.”

ಸುಳ್ಳೂ ಅಲ್ಲ ನೋಡಿ! ತಪ್ಪು ಮಾಡಿದ್ದು ಮಷೀನಲ್ಲವಲ್ಲ — ಥೂ, ನನ್ನ ಜಾಣತನಕ್ಕಿಷ್ಟು. ನಿಮ್ಮ ನೌಕರಿ ಹೋಯಿತು. ನನ್ನದು ಕಾಯಂ ಆಯಿತು.

ಕ್ವಾರ್ಟರ್ಸ್ ಖಾಲಿ ಮಾಡಿ ಶಹಾಬಾದಿಗೆ ಹೊರಟ ದಿನ ನೀವು ನನ್ನ ಹತ್ತಿರ ಬಂದಿರಿ. ಶಾಪ ಹಾಕುತ್ತೀರಿ ಅಂದುಕೊಂಡೆ. ಹಾಕಿದ್ದರೆ ಹಗುರಾಗುತ್ತಿತ್ತೇನೋ — ನೀವು ನನ್ನ ಕೈ ಹಿಡಿದುಕೊಂಡಿರಿ.

“ಭಾಳ ವಿಚಾರ ಮಾಡಿದೆ ತಮ್ಮಾ. ನಾನೇ ಎಲ್ಲೋ ಕಳದಿರಬೇಕು. ವಯಸ್ಸಾತು.”

‘ಹೋಗಿ ಬರ್ರಿ ಚಾಚಾ’ ಎಂದಷ್ಟೇ ಹೇಳಿ ನಿಮ್ಮನ್ನು ಕಳಿಸಿಬಿಟ್ಟೆ.

ಮೊನ್ನೆ ಒಬ್ಬರು ಹೇಳಿದರು — ಮಗನ ಅಂಗಡಿಯಲ್ಲಿ ಕೂರುತ್ತೀರಂತೆ, ಆದರೆ ಬೀಗದ ಕೈಯನ್ನೂ ಮುಟ್ಟುವುದಿಲ್ಲವಂತೆ, ಎಲ್ಲಿ ಕಳೆದುಬಿಡುತ್ತೇನೋ ಎಂದು. ಶುಕ್ರವಾರ ನಿಮ್ಮ ಅಂಗಡಿಗೆ ಬರುತ್ತೇನೆ. ಮಗನ ಮುಂದೆ, ಗಿರಾಕಿಗಳ ಮುಂದೆ ಹೇಳುತ್ತೇನೆ. ನೀವು ಏನೂ ಕಳೆದಿರಲಿಲ್ಲ, ಚಾಚಾ.