ಬದಲಿ ಗಾಡಿಯ ಮೊಳೆ

ಗದುಗಿನಲ್ಲಿ ನಮ್ಮ ಅಣ್ಣನ ಮೋಟಾರು ಗ್ಯಾರೇಜು ಇತ್ತು. ಸ್ವಾತಂತ್ರ್ಯ ಬಂದ ಹೊಸತು. ಕಾರು ಇದ್ದವರು ಕೆಲವೇ ಜನ, ಹತ್ತಿ ವ್ಯಾಪಾರಿಗಳು, ಒಬ್ಬಿಬ್ಬರು ವಕೀಲರು. ಆ ಕಾರುಗಳು ಕೆಟ್ಟರೆ ನಮ್ಮಲ್ಲಿಗೇ ಬರುತ್ತಿದ್ದವು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಕೆಲಸವನ್ನು ಅಣ್ಣನ ಏಟು ತಿಂದು ಕಲಿತೆ. ನಟ್ಟು ತಿರುವಲು ತಪ್ಪು ಪಾನಾ ಕೊಟ್ಟರೆ ಅದೇ ಪಾನಾ ನನ್ನ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಎಡಗೈಯ ಕಿರುಬೆರಳು ಇವತ್ತಿಗೂ ಸೊಟ್ಟಗಿದೆ. ಅಪ್ಪ ಅಣ್ಣನನ್ನು ಹೀಗೆಯೇ ಬಡಿದು ಬೆಳೆಸಿದ್ದ, ಆದ್ದರಿಂದ ನನಗೂ ಅದು ಅನ್ಯಾಯ ಅನ್ನಿಸಿರಲಿಲ್ಲ. ನನ್ನ ಸಿಟ್ಟೆಲ್ಲ ಇದ್ದದ್ದು ಬದಲಿ ಗಾಡಿಯ ಮೇಲೆ.

ಯುದ್ಧ ಮುಗಿದ ಮೇಲೆ ಅಣ್ಣ ಮೂರು ಮುರುಕು ಕಾರುಗಳ ಭಾಗ ಸೇರಿಸಿ ಒಂದು ಕಾರು ಎಬ್ಬಿಸಿದ್ದ. ಒಂದು ಬಾಗಿಲು ಹಸಿರು, ಉಳಿದದ್ದು ಕಪ್ಪು. ಯಾರಾದರೂ ತಮ್ಮ ಗಾಡಿ ದುರಸ್ತಿಗೆ ಬಿಟ್ಟರೆ ಕೆಲಸ ಮುಗಿಯುವ ತನಕ ಇದನ್ನು ಪುಕ್ಕಟೆ ಕೊಟ್ಟು ಕಳಿಸುತ್ತಿದ್ದ.

"ಗಾಡಿ ಬಿಚ್ಚಿ ಇಟ್ಟಾವ್ರು ನಾವು. ಅವರ್ಯಾಕ ನಡೀಬೇಕಲೇ?" ಅನ್ನುತ್ತಿದ್ದ.

ಪುಕ್ಕಟೆ ಸಿಕ್ಕಿದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ ಅನ್ನುವುದು ನನ್ನ ವಾದ. ಒಬ್ಬ ಅದರಲ್ಲಿ ಹತ್ತಿ ಚೀಲ ಹೇರಿ ಸ್ಪ್ರಿಂಗು ಮುರಿದು ತಂದ. ಇನ್ನೊಬ್ಬ ಕಡಿದ ಕುರಿಯನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಹೋಗಿದ್ದ. ರಕ್ತ ತೊಳೆದವನು ನಾನು, ನೊಣ ಓಡಿಸಿದವನೂ ನಾನು. ಹಾಗಾಗಿ ಯಾರೇ ಗಾಡಿ ಕೇಳಿದರೂ ನಾನು ಅಡ್ಡ ಬಾಯಿ ಹಾಕುತ್ತಿದ್ದೆ. ಟೈರು ಸರಿ ಇಲ್ಲ, ಬ್ಯಾಟರಿ ಸತ್ತಿದೆ, ಇಂಜಿನ್ ಬಿಸಿಯಾಗುತ್ತದೆ. ಎಲ್ಲ ಸುಳ್ಳು. ಕೊನೆಗೆ ಅಣ್ಣ ನನ್ನ ಮಾತಿಗೆ ಕಿವಿ ಕೊಡುವುದನ್ನೇ ಬಿಟ್ಟ.

ಅಂಗಡಿಯಲ್ಲಿ ಒಂದು ನೇಮವಿತ್ತು. ಬೇರೆ ಗಾಡಿಗೆ ಬೇಕಾದ ಸಾಮಾನು ಮುಂಬಯಿಯಿಂದ ಬರುವುದು ತಡವಾದರೆ ಬದಲಿ ಗಾಡಿಯದನ್ನು ಕಳಚಿ ಹಾಕುತ್ತಿದ್ದೆವು. ಕಳಚಿದವನು ಬದಲಿ ಗಾಡಿಯ ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇದ್ದರೆ ಗಾಡಿ ಹೊರಗೆ ಹೋಗುವಂತಿಲ್ಲ.

ಒಂದು ಸಂಜೆ ವಕೀಲರ ಕಾರಿಗೆಂದು ನಾನು ಬದಲಿ ಗಾಡಿಯ ಬ್ರೇಕಿನ ಪಿನ್ನು ಕಳಚಿದೆ. ಕಾಲಲ್ಲಿ ಒತ್ತುವ ಪೆಡಲಿಗೂ ಕೆಳಗಿನ ಉದ್ದ ಸಲಾಕೆಗೂ ಕೊಂಡಿಯಾಗುವ, ಬೆರಳುದ್ದದ ಪಿನ್ನು ಅದು. ಪೆಡಲು ಜೋತು ಬೀಳದಿರಲಿ ಎಂದು ಆ ತೂತಿಗೆ ಒಂದು ಮೊಳೆ ತೂರಿಸಿದೆ. ಅಂಗಳದಲ್ಲಿ ಗಾಡಿ ಸರಿಸುವಷ್ಟಕ್ಕೆ ಮೊಳೆ ಸಾಕು. ಅಣ್ಣನೂ ಎಷ್ಟೋ ಸಲ ಹಾಗೆ ಮಾಡುತ್ತಿದ್ದ. ಬಟ್ಟೆಯನ್ನು ಬೆಳಿಗ್ಗೆ ಕಟ್ಟಿದರಾಯಿತೆಂದು ಮನೆಗೆ ಹೋದೆ.

ಬೆಳಿಗ್ಗೆ ನಾನು ಬರುವಷ್ಟರಲ್ಲಿ ಲಕ್ಷ್ಮೇಶ್ವರದ ಹತ್ತಿ ಸಾವಕಾರ ಅಂಗಳದಲ್ಲಿ ನಿಂತಿದ್ದ. ಅವನ ಕಾರಿನ ರೇಡಿಯೇಟರು ಒಡೆದಿತ್ತು. ಜೊತೆಗೆ ಅವನ ತಮ್ಮ, ನನ್ನದೇ ವಯಸ್ಸಿನವನು. ಸಾವಕಾರನಿಗೆ ಗದುಗಿನಲ್ಲಿ ಕೆಲಸವಿತ್ತು, ಆ ತಮ್ಮ ಮಾತ್ರ ಲಕ್ಷ್ಮೇಶ್ವರಕ್ಕೆ ಹೋಗಬೇಕಿತ್ತು. ಅಣ್ಣ ಆಗಲೇ ಬದಲಿ ಗಾಡಿಯ ಕೀಲಿ ಆ ಹುಡುಗನ ಕೈಗೆ ಕೊಡುತ್ತಿದ್ದ.

"ಅಣ್ಣಾ, ಆ ಗಾಡಿ ಕೊಡಬ್ಯಾಡ" ಅಂದೆ.

"ಇವತ್ತೇನು? ಟೈರೋ, ಬ್ಯಾಟರಿಯೋ?"

"ಇವತ್ತ ಖರೇನ ಬ್ಯಾಡ."

ಸಾವಕಾರ ನಕ್ಕ. "ನಿನ್ನ ತಮ್ಮ ಸತ್ತಾಗ ಈ ಗಾಡೀನೂ ಕೂಡೇ ಹುಗಿಯಂತ ಹೇಳ್ಯಾನೇನಪಾ?"

ಅಣ್ಣನ ಕೈ ಬಂದದ್ದು ಕಾಣಲಿಲ್ಲ. ಕಪಾಳಕ್ಕೆ ಬಿತ್ತು, ತುಟಿ ಹಲ್ಲಿಗೆ ತಾಗಿ ಒಡೆಯಿತು. ಬಾಯಿಯ ತುಂಬ ರಕ್ತ. "ಮಂದಿ ಮುಂದ ನನ್ನ ಮಾರಿ ಕಳೀತಿ ಏನಲೇ?" ಅಂದ.

ಮೊಳೆ ಅನ್ನುವ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ಮೇಲೇ ಇತ್ತು. ನಾನು ರಕ್ತ ಉಗುಳಿದೆ, ಮಾತನ್ನು ನುಂಗಿದೆ. ಮೊಳೆ ಅಂಗಳದ ಬಾಗಿಲಲ್ಲೇ ಮುರಿಯುತ್ತದೆ, ಅಣ್ಣ ಸಾವಕಾರನ ಮುಂದೆ ತಲೆ ತಗ್ಗಿಸುತ್ತಾನೆ, ಅದನ್ನು ನಾನು ನೋಡಬೇಕು. ನನಗೆ ಬೇಕಾದದ್ದು ಅಷ್ಟೇ. ಗಾಡಿ ಬಾಗಿಲು ದಾಟಿತು. ನಾನು ಓಡಲಿಲ್ಲ, ಕೂಗಲಿಲ್ಲ.

ಮೊಳೆ ಲಕ್ಷ್ಮೇಶ್ವರದ ದಾರಿಯ ಮಾಗಡಿಯ ತನಕ ತಡೆಯಿತು. ಕೆರೆಯ ಹತ್ತಿರದ ಇಳಿಜಾರಿನಲ್ಲಿ ಎದುರಿಗೆ ಎತ್ತಿನ ಚಕ್ಕಡಿ ಬಂತಂತೆ. ಹುಡುಗ ಬ್ರೇಕು ತುಳಿದಾಗ ಪೆಡಲು ನೆಲಕ್ಕೆ ಹೋಯಿತು. ಒಂದು ಎತ್ತು ಅಲ್ಲೇ ಸತ್ತಿತು. ಚಕ್ಕಡಿಯ ನೊಗ ಗಾಜು ಒಡೆದು ಒಳಗೆ ಬಂತು. ಬಾಗಿಲಿಗೂ ಇಂಜಿನ್ನಿಗೂ ನಡುವೆ ಸಿಕ್ಕ ಅವನ ಕಾಲನ್ನು ಬಿಡಿಸಲು ಜನ ಬಾಗಿಲನ್ನೇ ಕಡಿಯಬೇಕಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿದರು.

ಮೂರನೆಯ ದಿನ ಸಾವಕಾರ ನಾಲ್ಕು ಆಳುಗಳ ಜೊತೆ ಬಂದ. ಕೈಯಲ್ಲಿ ಬಡಿಗೆಗಳಿದ್ದವು. ನಾನು ಒಂದು ಲಾರಿಯ ಕೆಳಗೆ, ನೆಲ ಅಗೆದು ಮಾಡಿದ ಕುಣಿಯಲ್ಲಿ ನಿಂತು ಕೆಲಸ ಮಾಡುತ್ತಿದ್ದೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವರ ಕಾಲುಗಳು, ಆಮೇಲೆ ನೆಲಕ್ಕೆ ಬಿದ್ದ ಅಣ್ಣನ ಮುಖ. ಬೆನ್ನು, ಪಕ್ಕೆ, ತಲೆ ಅನ್ನದೆ ಬಡಿದರು. ಒಣ ಕಟ್ಟಿಗೆ ಒಡೆದ ಹಾಗೆ ಸದ್ದಾಗುತ್ತಿತ್ತು. ಸಾವಕಾರ ಅರ್ಧ ಮೊಳೆಯೊಂದನ್ನು ಅಣ್ಣನ ಕಣ್ಣಿನ ಹತ್ತಿರ ಹಿಡಿದ.

"ಬ್ರೇಕಿಗೆ ಮೊಳಿ ಹಾಕಿದಾಂವ ಯಾರಲೇ?"

ಅಣ್ಣ ಬಹಳ ಹೊತ್ತು ಅದನ್ನೇ ನೋಡಿದ. "ನಾನ ಹಾಕಿರಬೇಕ್ರಿ" ಅಂದ. "ಹಾಕಿದ್ದು ನೆನಪಿಲ್ಲ. ಮರತೇನಿ. ತಪ್ಪಾತ್ರೀ ಸಾವ್ಕಾರ."

ನನ್ನನ್ನು ಉಳಿಸಲು ಅವನು ಹಾಗೆ ಹೇಳಲಿಲ್ಲ. ಎಷ್ಟೋ ಸಲ ಮೊಳೆ ಹಾಕಿದ್ದವನು, ನಿಜವಾಗಿಯೂ ಹಾಗೆಂದು ನಂಬಿದ. ನನ್ನ ಕೈಯಲ್ಲಿ ಮೊಳದುದ್ದದ ಪಾನಾ ಇತ್ತು, ಅಣ್ಣ ಎರಡು ಮಾರು ದೂರದಲ್ಲಿದ್ದ. ನಾನು ಕುಣಿಯ ಗೋಡೆಗೆ ಬೆನ್ನು ಒತ್ತಿ ನಿಂತೆ.

"ಯಾವ ಕೈ ಮರೀತು? ಬಲಗೈಯೇನು?" ಅಂದ ಸಾವಕಾರ.

ನಮ್ಮ ಮೇಜಿಗೆ ವೈಸು ಬಿಗಿದಿತ್ತು, ಕಬ್ಬಿಣದ ತುಂಡನ್ನು ದವಡೆಯಲ್ಲಿ ಹಿಡಿಯುವ ಸಾಧನ. ಅಣ್ಣನ ಬಲಗೈಯನ್ನು ಅದರಲ್ಲಿಟ್ಟು ಹಿಡಿ ತಿರುವಿದರು. ಮೊದಲು ಅಣ್ಣ ಕೂಗಿದ. ಆಮೇಲೆ ಕೂಗು ನಿಂತಿತು, ಹಿಡಿ ತಿರುಗುವ ಕಿರ್ ಕಿರ್ ಸದ್ದು ಮಾತ್ರ ಉಳಿಯಿತು. ಅವರು ಹೋದ ಮೇಲೆ ನಾನು ಮೇಲೆ ಬಂದು ಹಿಡಿ ಸಡಿಲಿಸಿದೆ.

ಅಲ್ಲಿಂದ ಏಳು ವರ್ಷ ಅಂಗಡಿ ನಡೆಸಿದವನು ನಾನು. ಅಣ್ಣ ಒಣಗಿದ ಶುಂಠಿಯಂಥ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಬದಲಿ ಗಾಡಿಯನ್ನು ಎಳೆತಂದು ಅವನೇ ನಿಂತು ನನ್ನಿಂದ ರಿಪೇರಿ ಮಾಡಿಸಿದ್ದ, ಆದರೆ ಯಾರಿಗೂ ಕೊಡಲಿಲ್ಲ. ಕೇಳಿದವರಿಗೆ, "ನನ್ನ ಕೈಗೆ ಮರವು ಐತ್ರಿ. ಒಬ್ಬನ ಕಾಲು ತಿಂದೈತಿ" ಅನ್ನುತ್ತಿದ್ದ. ಪ್ರತಿ ಸಲವೂ ಆ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಪ್ರತಿ ಸಲವೂ ನಾನು ಬಗ್ಗಿ ಕೆಲಸ ಮುಂದುವರಿಸುತ್ತಿದ್ದೆ.

ಕರ್ನಾಟಕ ಒಂದಾದ ವಾರ. ಊರಲ್ಲಿ ಮೆರವಣಿಗೆ, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನ ಒಬ್ಬ ಲೇಡಿ ಡಾಕ್ಟರ ಕಾರನ್ನು ಎತ್ತು ಕಟ್ಟಿ ಎಳೆದು ತಂದರು, ಊರವರು ಅವರನ್ನು ಬಾಯಿಯವರು ಅನ್ನುತ್ತಿದ್ದರು. ಗೇರು ಒಡೆದಿತ್ತು. ಮುಂಡರಗಿಯಲ್ಲಿ ಒಬ್ಬಳು ಎರಡು ದಿನದಿಂದ ಹೆರಿಗೆ ಬೇನೆ ತಿನ್ನುತ್ತಿದ್ದಾಳೆ ಅಂದರು ಬಾಯಿಯವರು. ಮೂಲೆಯ ಗಾಡಿಯನ್ನು ತೋರಿಸಿ ಕೇಳಿದರು.

"ಕೊಡಂಗಿಲ್ಲ ಬಾಯಾರ. ನನ್ನ ಕೈಗೆ ಮರವು ಐತಿ."

"ನಿಮ್ಮ ಕೈ ಕಟಗೊಂಡು ನಾ ಏನ್ ಮಾಡ್ಲಿ? ಅಲ್ಲಿ ಜೀವ ಹೊಂಟೈತಿ!"

ಅಣ್ಣ ತಲೆ ಅಲ್ಲಾಡಿಸಿದ. ಕಣ್ಣಲ್ಲಿ ನೀರಿತ್ತು. ಆಗ ನಾನು ಬಾಯಿ ಬಿಟ್ಟೆ.

"ನಿನ್ನ ಕೈ ಮರತಿದ್ದಿಲ್ಲ ಅಣ್ಣಾ. ಮೊಳಿ ಹಾಕಿದಾಂವ ನಾನು. ಅವತ್ತ ಗೊತ್ತಿದ್ದೂ ಸುಮ್ಮನಿದ್ದೆ."

ಅವನು ಎದ್ದ. ಗೋಡೆಗೆ ಒರಗಿಸಿದ್ದ ಜಾಕಿನ ಸಲಾಕೆಯನ್ನು ಎಡಗೈಯಲ್ಲಿ ಎತ್ತಿಕೊಂಡ. ಮೊದಲ ಏಟು ಭುಜಕ್ಕೆ ಬಿತ್ತು. ಎಲುಬು ಮುರಿದದ್ದು ನನಗೇ ಕೇಳಿಸಿತು. ಎರಡನೆಯದು ಪಕ್ಕೆಗೆ, ಮೂರನೆಯದು ಬಿದ್ದವನ ಬೆನ್ನಿಗೆ. ಬಾಯಿಯವರು ಸಲಾಕೆಯನ್ನು ಹಿಡಿದು ಜಗ್ಗಿದರು. ಅಣ್ಣ ಏದುಸಿರು ಬಿಡುತ್ತ ಅದನ್ನು ನೆಲಕ್ಕೆ ಒಗೆದ. ಬದಲಿ ಗಾಡಿಯ ಕೆಳಗೆ ನುಸುಳಿ ಬ್ರೇಕಿನ ಪಿನ್ನನ್ನು ತಾನೇ ಮುಟ್ಟಿ ನೋಡಿದ. ಹೊರಗೆ ಬಂದು ಕೀಲಿ ಕೊಟ್ಟ.

ಬಾಯಿಯವರು ನನ್ನ ಕಡೆ ಬಗ್ಗಿದರು. ಅಣ್ಣ, "ಮದಲ ಅಲ್ಲಿಗೆ ಹೋಗ್ರಿ. ಇಂವ ಸಾಯಂಗಿಲ್ಲ" ಅಂದ.

ಗಾಡಿ ಹೋಯಿತು. ಮರುದಿನ ಬಾಯಿಯವರು ಅದನ್ನು ತಿರುಗಿ ತಂದು, ತಾಯಿ ಉಳಿದಳು, ಕೂಸು ಉಳಿಯಲಿಲ್ಲ ಅಂದರು. ಅಲ್ಲಿಂದ ಅಣ್ಣ ಮತ್ತೆ ಎಲ್ಲರಿಗೂ ಗಾಡಿ ಕೊಡತೊಡಗಿದ. ಕೊಡುವ ಮೊದಲು ಪ್ರತಿ ಸಲವೂ ತಾನೇ ಕೆಳಗೆ ನುಸುಳುತ್ತಿದ್ದ, ನನ್ನನ್ನು ಅದರ ಹತ್ತಿರ ಬಿಡುತ್ತಿರಲಿಲ್ಲ. ನನ್ನೊಡನೆ ಒಂದೇ ಮಾತು ಆಡಿದ:

"ನನಗ ಹೇಳಿದ್ರ ಮುಗೀಲಿಲ್ಲ. ಕಾಲು ಹೋದಾವ ಲಕ್ಷ್ಮೇಶ್ವರದಾಗ ಅದಾನ. ಅವಗ ಹೇಳಿ ಬಾ. ಅಲ್ಲೀತನ ನನ್ನ ಅಣ್ಣಾ ಅನಬ್ಯಾಡ."

ಭುಜಕ್ಕೆ ಪಟ್ಟಿ ಇದ್ದಾಗಲೇ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದೆ. ಸಾವಕಾರನ ಹತ್ತಿ ಗೋದಾಮಿನ ಕಟ್ಟೆಯ ಮೇಲೆ ಅವನು ಕೂತಿದ್ದ, ಊರುಗೋಲು ಪಕ್ಕದಲ್ಲಿತ್ತು. ನನ್ನ ಗುರುತು ಅವನಿಗೆ ಸಿಗಲಿಲ್ಲ. ನಿಂತಿದ್ದ ನನ್ನ ಪಟ್ಟಿ ನೋಡಿ ಅವನೇ ಮಾತಾಡಿಸಿದ.

"ಯಾಕ್ರೀ, ಭುಜಕ್ಕ ಏನಾತು?"

"ಬಿದ್ದೇನ್ರಿ" ಅಂದೆ.

"ಬರ್ರಿ, ಕುಂಡ್ರಿ" ಎಂದು ಊರುಗೋಲನ್ನು ಆಚೆ ಸರಿಸಿ ಜಾಗ ಮಾಡಿದ. ನಾನು ಕೂತೆ. ನೀರು ಕೊಡಿಸಿದ, ಕುಡಿದೆ. ಹೇಳಬೇಕಾದದ್ದನ್ನು ಹೇಳದೆಯೇ ಮುಂದಿನ ಬಸ್ಸಿಗೆ ಗದುಗಿಗೆ ತಿರುಗಿ ಬಂದೆ.